ಅಮ್ಮಂಗೆ ನಾಳಿದ್ದು ಎಂಆರ್‌ಐ, ಏನೇನು ನೋಡ್ಕೋಬೇಕು?

ಸೊಂಟನೋವಿಗೆ ಡಾಕ್ಟ್ರು ಬರ್ದಿದಾರೆ, ಜಯನಗರದಲ್ಲಿ ಸ್ಕ್ಯಾನು. ಅಮ್ಮ ತಾಳಿ ಬಿಚ್ಚಲ್ಲ ಅಂತಾರೆ, ಒಳಗೆ ಉಸಿರು ಕಟ್ಟತ್ತೆ ಅಂತ ಭಯ ಬೇರೆ. ಮಾಡಿಸ್ಕೊಂಡೋರು ಹೇಳಿ ಪ್ಲೀಸ್.

ಉತ್ತರ 1: ತಾಳಿ, ಕಾಲುಂಗುರ, ಹೇರ್‌ಪಿನ್ನು ಎಲ್ಲಾ ಮನೇಲೇ ಬಿಚ್ಚಿಟ್ಟು ಹೋಗಿ, ಆ ಮಷೀನಿನ ಮ್ಯಾಗ್ನೆಟ್ಟು 1.5 ಇಲ್ಲಾ 3 ಟೆಸ್ಲಾದ್ದು, ಅಂದ್ರೆ ತುಂಬಾ ಪವರ್‌ಫುಲ್ಲು, ಸ್ಕ್ಯಾನ್ ನಡೀದಿದ್ರೂ ಆನ್ ಆಗೇ ಇರತ್ತೆ. ನಮ್ಮತ್ತೆ ಅರಿಶಿನದ ಕೊಂಬು ದಾರದಲ್ಲಿ ಕಟ್ಕೊಂಡು ಹೋದ್ರು, ಸಮಾಧಾನ ಆಯ್ತು ಅವ್ರಿಗೆ.

ಉತ್ತರ 2: ಪೇಸ್‌ಮೇಕರ್, ಸ್ಟೆಂಟು, ಹಳೇ ಆಪರೇಷನ್ ಕ್ಲಿಪ್ಪು ಏನಿದ್ರೂ ಇವತ್ತೇ ಫೋನ್ ಮಾಡಿ ಹೇಳಿ, ಅಲ್ಲಿ ಹೋದ್ಮೇಲಲ್ಲ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟ ಬರೋಕೆ ಕೊಡೋ ಇಂಜೆಕ್ಷನ್) ಇದ್ರೆ ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ರಿಪೋರ್ಟ್ ಕೇಳ್ಬೋದು.

ಉತ್ತರ 3: ಅಕ್ಕ, ಕೈಗೊಂದು ರಬ್ಬರ್ ಬಲ್ಬ್ ಕೊಡ್ತಾರೆ, ಒತ್ತಿದ್ರೆ ಬಂದು ನೋಡ್ತಾರೆ, ಅಮ್ಮಂಗೆ ಇದನ್ನ ಮೊದ್ಲೇ ಹೇಳಿ. ನಾನು ಒಳಗೆ ಹೋಗೋಕ್ ಮುಂಚೆನೇ ಕಣ್ಣು ಮುಚ್ಕೊಂಡೆ, ಅರ್ಧ ಗಂಟೆ ಟಕಟಕ ಸದ್ದು, ಇಯರ್‌ಪ್ಲಗ್ ಕೇಳಿ ಇಸ್ಕೊಳ್ಳಿ.