ಕಾರ್ಡ್ ತೋರಿಸಿದರೆ ಸಾಕಾ, ಕರೆ ಬೇಡವಾ?

ಡಲ್ಲಾಸ್ ಚಿಕ್ಕಪ್ಪ ನಮ್ಮ ಮನೆ ಗುಂಪಿಗೆ ಒಂದು ವಿಡಿಯೋ ಹಾಕಿದರು. ಟೆಕ್ಸಾಸ್‌ನ ಒಂದು ಬಂದೂಕಿನ ಅಂಗಡಿ. ಗಿರಾಕಿ ಲೈಸೆನ್ಸ್ ಕಾರ್ಡ್ ತೋರಿಸುತ್ತಾನೆ, ಫಾರ್ಮ್ ತುಂಬುತ್ತಾನೆ, ದುಡ್ಡು ಕೊಡುತ್ತಾನೆ, ಪಿಸ್ತೂಲು ತಗೊಂಡು ಹೊರಡುತ್ತಾನೆ. ಎಫ್‌ಬಿಐ ಚೆಕ್ ಇಲ್ಲವೇ ಇಲ್ಲ.

ಚಿಕ್ಕಪ್ಪ: ಇದು ನಿಜವೇ. ನಮ್ಮಲ್ಲಿ ಕ್ಯಾರಿ ಲೈಸೆನ್ಸ್, ಅಂದರೆ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡುವ ಲೈಸೆನ್ಸ್, ಇದ್ದವರಿಗೆ ಅಂಗಡಿಯಲ್ಲಿ ಮತ್ತೆ ಚೆಕ್ ಮಾಡಬೇಕಾಗಿಲ್ಲ. ಒಳ್ಳೆ ವ್ಯವಸ್ಥೆ.

ಸಕಲೇಶಪುರ ದೊಡ್ಡಪ್ಪ: ಹೀಗೂ ಮಾರುತ್ತಾರಾ? ತೋಟದ ಕೋವಿ ಲೈಸೆನ್ಸಿಗೆ ನಾನು ಡಿಸಿ ಆಫೀಸಿಗೆ ಎಷ್ಟು ಅಲೆದೆ ಅಂತ ನಿಮಗೆಲ್ಲ ಗೊತ್ತು.

ಬೋಸ್ಟನ್ ತಮ್ಮ: ನನ್ನದು ಎಚ್-1ಬಿ. ನಾನೂ ತಗೋಬಹುದಾ?

ನಾನು: ಬೇಡ ಕಣೋ, ಆ ಯೋಚನೆಯನ್ನೇ ಬಿಡು. ಕೆಲಸದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೇ ಫೆಡರಲ್ ಕಾನೂನಿನ ತಡೆ ಇದೆ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದರೆ ಬೇರೆ ಮಾತು.

ಚಿಕ್ಕಪ್ಪ, ನೀವು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಬಂದೂಕು ಕೊಳ್ಳುವವರ ಹಿನ್ನೆಲೆ ನೋಡಬೇಕು ಅನ್ನುವ 1993ರ ಬ್ರೇಡಿ ಕಾನೂನಿನಲ್ಲೇ ಈ ದಾರಿ ಇದೆ. ಕಳೆದ 5 ವರ್ಷದೊಳಗೆ ಅದೇ ರಾಜ್ಯ ಕೊಟ್ಟ ಪರ್ಮಿಟ್ ಆಗಿರಬೇಕು, ಕೊಡುವ ಮೊದಲು ಸರ್ಕಾರ ಹಿನ್ನೆಲೆ ನೋಡಿರಬೇಕು. ಹಾಗಿದ್ದರೆ ಅಂಗಡಿಯವನು ನಿಕ್ಸ್ ಚೆಕ್, ಅಂದರೆ ಎಫ್‌ಬಿಐಯನ್ನು ಕೇಳಿ ಕೊಳ್ಳುವವನ ಹಿನ್ನೆಲೆ ನೋಡುವ ಪರೀಕ್ಷೆ, ಮಾಡದೆ ಮಾರಬಹುದು. ಆದರೆ ಅದು ಒಳ್ಳೆ ವ್ಯವಸ್ಥೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಚಿಕ್ಕಪ್ಪ: ಯಾಕೆ ಒಪ್ಪುವುದಿಲ್ಲ ಪುಟ್ಟಿ? ಲೈಸೆನ್ಸಿಗೆ ನಾನು ಬೆರಳಚ್ಚು ಕೊಟ್ಟಿದ್ದೇನೆ. ನಿಕ್ಸ್‌ನಲ್ಲಿ ಹೆಸರು, ಹುಟ್ಟಿದ ದಿನದಂಥ ವಿವರ ಮಾತ್ರ ನೋಡುತ್ತಾರೆ. ಬೇರೆ ಯಾರದೋ ಹೆಸರಿಗೆ ಹೊಂದಿಕೆಯಾದರೆ ನಮ್ಮನ್ನು ಸುಮ್ನೆ ಕಾಯಿಸುತ್ತಾರೆ. ಯಾವುದು ಗಟ್ಟಿ ಪರೀಕ್ಷೆ, ನೀನೇ ಹೇಳು. ಅಣ್ಣ, ನೀವೂ ಹೇಳಿ. ಲೈಸೆನ್ಸ್ ತೋರಿಸಿದ ಮೇಲೆ ಹಾಸನದ ಅಂಗಡಿಯವನು ದೆಹಲಿಗೆ ಫೋನ್ ಮಾಡುತ್ತಾನಾ?

ದೊಡ್ಡಪ್ಪ: ಇಲ್ಲ. ಆದರೆ ಆ ಕೋವಿ ನನ್ನ ಲೈಸೆನ್ಸಿನಲ್ಲಿ ಬರೆದಿರುತ್ತದೆ. ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. 2019ರ ತಿದ್ದುಪಡಿಗೆ ಮುಂಚೆ ಮೂರು ಇಡಬಹುದಿತ್ತು.

ನಾನು: ಅದೇ ಚಿಕ್ಕಪ್ಪ. ದೊಡ್ಡಪ್ಪನ ಲೈಸೆನ್ಸ್ ಆ ಕೋವಿಗೇ ಕೊಟ್ಟದ್ದು. ನಿಮ್ಮ ಕಾರ್ಡಿನಲ್ಲಿ ಯಾವ ಬಂದೂಕೂ ಇಲ್ಲ, ಲೆಕ್ಕವೂ ಇಲ್ಲ. ಒಂದೇ ಕಾರ್ಡ್ ತೋರಿಸಿ ಎಷ್ಟು ಸಲ ಬೇಕಾದರೂ ಕೊಳ್ಳಬಹುದು.

ಬೆರಳಚ್ಚು ಗಟ್ಟಿ ಪರೀಕ್ಷೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕಾರ್ಡ್ ಕೊಟ್ಟ ದಿನ ನೀವು ಹೇಗಿದ್ದಿರಿ ಅನ್ನುವುದು ಮಾತ್ರ ಅದರಿಂದ ಗೊತ್ತಾಗುತ್ತದೆ. ಇವತ್ತು ಹೇಗಿದ್ದೀರಿ ಅಂತ ತಿಳಿಯಬೇಕಾದರೆ ಇವತ್ತೇ ನೋಡಬೇಕು. ಈ 5 ವರ್ಷದಲ್ಲಿ ಒಬ್ಬನಿಗೆ ಶಿಕ್ಷೆ ಆಗಿರಬಹುದು. ಹೆಂಡತಿಯನ್ನು ಹೊಡೆದದ್ದಕ್ಕೆ, ಅವಳನ್ನು ಕಾಪಾಡಲು ಅವನ ವಿರುದ್ಧ ಕೋರ್ಟಿನಿಂದ ರಕ್ಷಣಾ ಆದೇಶ ಬಂದಿರಬಹುದು. ಅಂಥವನು ಬಂದೂಕು ಮುಟ್ಟುವ ಹಾಗಿಲ್ಲ.

ಚಿಕ್ಕಪ್ಪ: ಹಾಗಾದ ಕೂಡಲೇ ರಾಜ್ಯ ಲೈಸೆನ್ಸನ್ನು ಅಮಾನತು ಮಾಡುತ್ತದೆ. ಕೆಂಟಕಿಯಲ್ಲಿ ಲೈಸೆನ್ಸ್ ಇದ್ದವರನ್ನೆಲ್ಲ ತಿಂಗಳು ತಿಂಗಳು ಮತ್ತೆ ಚೆಕ್ ಮಾಡುತ್ತಾರೆ, ಗೊತ್ತಾ?

ನಾನು: ಗೊತ್ತು. ಕೆಂಟಕಿ ಮಾಡುವುದು ಒಳ್ಳೆ ಕೆಲಸ. ಆದರೆ ಅಮಾನತು ಆಗುವುದು ಕಂಪ್ಯೂಟರಿನಲ್ಲಿ. ಕಾರ್ಡ್ ಇನ್ನೂ ಅವನ ಜೇಬಿನಲ್ಲೇ ಇದ್ದರೆ? ಅಂಗಡಿಯವನು ಯಾರನ್ನೂ ಕೇಳದಿದ್ದರೆ ಅವನಿಗೆ ಗೊತ್ತಾಗುವುದು ಹೇಗೆ?

ನಿಮ್ಮ ಊರಿನ ಪಕ್ಕದ ಆರ್ಲಿಂಗ್ಟನ್ ಕೇಸನ್ನೇ ನೋಡಿ. ಝಾಕಿ ರಹೀಮಿ ತನ್ನ ಮಗುವಿನ ತಾಯಿಯನ್ನೇ ಹೊಡೆದಿದ್ದ. 2020ರ ಫೆಬ್ರವರಿಯಲ್ಲಿ ಕೋರ್ಟು ಅವಳಿಗೆ ರಕ್ಷಣಾ ಆದೇಶ ಕೊಟ್ಟಿತು. ಅದೇ ಆದೇಶದಲ್ಲಿ ಅವನ ಬಂದೂಕು ಲೈಸೆನ್ಸನ್ನೂ ಎರಡು ವರ್ಷ ಅಮಾನತಿನಲ್ಲಿಟ್ಟಿತು. ಆಮೇಲೆ ಪೊಲೀಸರು ಮನೆ ಶೋಧಿಸಿದಾಗ ಪಿಸ್ತೂಲು, ರೈಫಲ್ ಎರಡೂ ಸಿಕ್ಕವು. ಅವನು ಕಾರ್ಡ್ ತೋರಿಸಿ ಅವನ್ನು ಕೊಂಡ ಅಂತ ನಾನು ಹೇಳುತ್ತಿಲ್ಲ. ಇಂಥವರ ಕೈಗೂ ಲೈಸೆನ್ಸ್ ಬಂದಿರುತ್ತದೆ, ಆಮೇಲೆ ಎಲ್ಲ ಬದಲಾಗುತ್ತದೆ, ಅಷ್ಟೇ. ಅಂಥ ಆದೇಶ ಇದ್ದವನಿಂದ ಬಂದೂಕು ದೂರ ಇಡುವುದು ಸರಿ ಅಂತ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ 9 ಜನರಲ್ಲಿ 8 ಜನ ಹೇಳಿದರು. ಆ ಆದೇಶಕ್ಕೆ ಬೆಲೆ ಬರಬೇಕಾದರೆ ಮಾರುವ ಹೊತ್ತಿಗೆ ಯಾರಾದರೂ ನೋಡಬೇಕು, ಅಲ್ವಾ?

ದೊಡ್ಡಮ್ಮ: ನೋಡಲೇಬೇಕು. ಆ ಹುಡುಗಿಯ ಗತಿ ಏನು ಇಲ್ಲದಿದ್ದರೆ.

ಚಿಕ್ಕಪ್ಪ: ಅತ್ತಿಗೆ, ಕಾರ್ಡ್ ಇದ್ದರೂ ಬಂದೂಕು ಕೊಳ್ಳುವವರು ಸರ್ಕಾರದ 4473 ಫಾರ್ಮ್ ತುಂಬಲೇಬೇಕು. ಕೋರ್ಟಿನ ಆದೇಶ ಇದೆಯಾ ಅಂತ ಅದರಲ್ಲಿ ಕೇಳುತ್ತಾರೆ. ಸುಳ್ಳು ಬರೆದರೆ ಜೈಲು.

ನಾನು: ಹೆಂಡತಿಯನ್ನು ಕೊಲ್ಲಬೇಕು ಅಂತ ಹೊರಟವನು ಫಾರ್ಮಿಗೆ ಹೆದರುತ್ತಾನಾ ಚಿಕ್ಕಪ್ಪ?

ಇನ್ನೊಂದು ಮಾತು. ಪರ್ಮಿಟ್ ಕೊಡುವವರೇ ಸರಿಯಾಗಿ ನೋಡದಿದ್ದರೆ ಏನು ಮಾಡುವುದು? ನಾನಿರುವ ಮಿಷಿಗನ್‌ನಲ್ಲಿ ಆದದ್ದೇ ಅದು. ಇಲ್ಲಿನ ಲೈಸೆನ್ಸಿಗೂ ನಿಮ್ಮಲ್ಲಿರುವ ವಿನಾಯಿತಿಯೇ ಇತ್ತು. ಫೆಡರಲ್ ಕಾನೂನಿನ ಪ್ರಕಾರ ಅರ್ಜಿದಾರನಿಗೆ ತಡೆ ಇದೆಯಾ ಅಂತ ತೀರ್ಮಾನಿಸದೆಯೇ ಲೈಸೆನ್ಸ್ ಕೊಟ್ಟಿದ್ದಾರೆ ಅಂತ ಬಂದೂಕು ವ್ಯಾಪಾರ ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್‌ಗೆ ಗೊತ್ತಾಯಿತು. 2020ರ ಮಾರ್ಚ್‌ನಲ್ಲಿ ವಿನಾಯಿತಿ ನಿಂತಿತು. ಅದಕ್ಕೂ ಮುಂಚೆ, 2019ರಲ್ಲಿ ಅಲಬಾಮಾದಲ್ಲೂ ಇದೇ ಕಥೆ. ಕೆಲವು ಶೆರಿಫ್‌ಗಳು, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು, ನಿಕ್ಸ್ ನೋಡದೆಯೇ ಪರ್ಮಿಟ್ ಕೊಟ್ಟಿದ್ದರು. ಅಂಗಡಿಯಲ್ಲಿ ಕರೆ ಮಾಡಿದ್ದರೆ ಆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಚಿಕ್ಕಪ್ಪ: ನಿಕ್ಸ್ ಏನು ತಪ್ಪೇ ಮಾಡುವುದಿಲ್ಲವಾ? ಚಾರ್ಲ್ಸ್‌ಟನ್ ಚರ್ಚಿನಲ್ಲಿ 9 ಜನರನ್ನು ಕೊಂದವನು ನಿಕ್ಸ್ ದಾರಿಯಲ್ಲೇ ಪಿಸ್ತೂಲು ಕೊಂಡಿದ್ದ.

ನಾನು: ಹೌದು, 2015ರಲ್ಲಿ. ಮೂರು ಕೆಲಸದ ದಿನದೊಳಗೆ ಉತ್ತರ ಬರದಿದ್ದರೆ ಅಂಗಡಿಯವನು ಮಾರಬಹುದು ಅನ್ನುವ ನಿಯಮದಿಂದ ಅವನ ಕೈಗೆ ಬಂತು. ಟೆಕ್ಸಾಸ್‌ನಲ್ಲೇ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 2017ರಲ್ಲಿ ಕೊಂದವನಿಗೆ ವಾಯುಪಡೆಯಲ್ಲಿದ್ದಾಗ ಆದ ಶಿಕ್ಷೆಯ ವಿವರವನ್ನು ವಾಯುಪಡೆ ಎಫ್‌ಬಿಐಗೆ ಕಳಿಸಿಯೇ ಇರಲಿಲ್ಲ. ಆ ತೂತುಗಳನ್ನು ಮುಚ್ಚಬೇಕು. ಅವು ಇವೆ ಅಂತ ಇರುವ ಒಂದು ಪರೀಕ್ಷೆಯನ್ನೂ ಬಿಡುವುದಾ?

ಆ ಪರೀಕ್ಷೆಗೆ ಎಷ್ಟು ಹೊತ್ತು ಬೇಕು? ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಉತ್ತರ ಆಗಲೇ ಬಂದುಬಿಡುತ್ತದೆ. ಹೆಸರಿನ ಗೊಂದಲದಿಂದ ಪದೇ ಪದೇ ತಡವಾಗುವವರಿಗೆ ಎಫ್‌ಬಿಐ ಯುಪಿನ್ ಅಂತ ಒಂದು ನಂಬರ್ ಕೊಡುತ್ತದೆ. ನಿಮಗೆ ತೊಂದರೆ ಆದರೆ ಅದಕ್ಕೆ ಅರ್ಜಿ ಹಾಕಿ.

ಬೋಸ್ಟನ್ ತಮ್ಮ: ಅಕ್ಕ, ಕಾರ್ಡ್ ಇದ್ದರೂ ಅಂಗಡಿಯವನು ಕರೆ ಮಾಡಬಹುದಾ?

ನಾನು: ಮಾಡಬಹುದು. ಕಾನೂನು ವಿನಾಯಿತಿ ಕೊಟ್ಟಿದೆ, ಕರೆ ಮಾಡಬೇಡ ಅಂತ ಹೇಳಿಲ್ಲ.

ಚಿಕ್ಕಪ್ಪ: ಸರಿ ಪುಟ್ಟಿ. ನನ್ನನ್ನು ಚೆಕ್ ಮಾಡಲಿ, ಬೇಜಾರಿಲ್ಲ. ಆದರೆ ಲೈಸೆನ್ಸಿಗೆ ಬೆಲೆ ಇಲ್ಲ ಅಂದರೆ ಒಪ್ಪಲ್ಲ.

ನಾನು: ಬೆಲೆ ಇಲ್ಲ ಅಂತ ನಾನು ಹೇಳೇ ಇಲ್ಲ. 2021ರ ಸೆಪ್ಟೆಂಬರ್‌ನಿಂದ ನಿಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಆದರೂ ನೀವು ತರಬೇತಿ ಮಾಡಿ, ಬೆರಳಚ್ಚು ಕೊಟ್ಟು ತಗೊಂಡಿರಿ. ಅದಕ್ಕೆ ನನಗೆ ಗೌರವ ಇದೆ. ಮುಂದಿನ ತಿಂಗಳು ಅಂಗಡಿಗೆ ಹೋದಾಗ ಕಾರ್ಡ್ ತೋರಿಸಿ, ನಿಕ್ಸ್ ಕೂಡ ಮಾಡಿ ಅಂತ ಕೇಳಿ. ಅವರು ಏನು ಹೇಳಿದರು ಅಂತ ಇಲ್ಲಿ ಹಾಕಿ.

ಚಿಕ್ಕಪ್ಪ: ಕೇಳಿ ನೋಡುತ್ತೇನೆ.