ಪದಚರ್ಚೆ: ಕಾರ್ಟ್ರಿಜ್‌ಗೂ ‘ಗುಂಡು’, ಬುಲೆಟ್‌ಗೂ ‘ಗುಂಡು’?

ಪ್ರಶ್ನೆ (ಬದಿಯಡ್ಕದಿಂದ): ಪಿಸ್ತೂಲಿನ ಖಾಲಿ ಕಾರ್ಟ್ರಿಜ್‌ಗಳನ್ನು ಮನೆಯಲ್ಲೇ ತುಂಬಿಕೊಂಡರೆ ಎಷ್ಟು ಉಳಿತಾಯ ಎಂಬ ಅಮೆರಿಕದ ಬರಹವೊಂದು ಕನ್ನಡಕ್ಕೆ ಬರಬೇಕು. ಪತ್ರಿಕೆಗಳ ಹಾಗೆ ಎಲ್ಲದಕ್ಕೂ ‘ಗುಂಡು’ ಅಂದರೆ ಸಾಕೇ? ರೀಲೋಡಿಂಗ್‌ಗೆ ‘ಮರುಭರ್ತಿ’ ಆದೀತೇ?

ಉತ್ತರ (ಕುಂಬಳೆಯಿಂದ): ಸಾಲದು. ‘ಗುಂಡಿಗೆ 11 ಸೆಂಟ್, ಗುಂಡಿಗೆ 28 ಸೆಂಟ್’ ಎಂದು ಒಂದೇ ಸಾಲಿನಲ್ಲಿ ಬಂದರೆ ಓದುವವರು ಏನೆಂದು ತಿಳಿಯಬೇಕು? ಮೊದಲನೆಯದು ಹಾರಿಹೋಗುವ ಸೀಸದ ತುಂಡು, ಎರಡನೆಯದು ಅಂಗಡಿಯಲ್ಲಿ ಸಿಗುವ ಇಡೀ ತೋಟೆ, ಅಂದರೆ ಕಾರ್ಟ್ರಿಜ್. ತೋಟೆಗೆ ನಾಲ್ಕು ಭಾಗ: ಗುಂಡು, ಉರಿದು ಅದನ್ನು ತಳ್ಳುವ ಮದ್ದು, ಬಡಿತಕ್ಕೆ ಮದ್ದಿಗೆ ಕಿಡಿ ಕೊಡುವ ಕೇಪು (ಪ್ರೈಮರ್), ಇವನ್ನು ಹಿಡಿದಿಡುವ ಹಿತ್ತಾಳೆಯ ಕೊಳವೆ. ‘ಕೇಪಿನ ಕೋವಿ’ ಎಂಬ ಮಾತು ನಮ್ಮಲ್ಲಿ ಇರುವಾಗ ಪ್ರೈಮರ್‌ಗೆ ಬೇರೆ ಪದ ಹುಡುಕುವುದು ಬೇಡ.

ಉಳಿತಾಯವೆಲ್ಲ ಆ ಹಿತ್ತಾಳೆಯಲ್ಲೇ ಇದೆ, ಉಳಿದ ಮೂರೂ ಪ್ರತಿ ಸಲ ಹೊಸದು ಬೇಕು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಮದ್ದು ಪೌಂಡಿಗೆ 40 ಡಾಲರ್. ಪೌಂಡ್ ಎಂದರೆ 7000 ಗ್ರೇನ್. ತೋಟೆಗೆ 5 ಗ್ರೇನ್ ಹಿಡಿದರೆ 1400 ತೋಟೆ, ಒಂದಕ್ಕೆ ಹೆಚ್ಚುಕಡಿಮೆ 3 ಸೆಂಟ್. ಕೇಪಿಗೆ 7, ಗುಂಡಿಗೆ 11. ಒಟ್ಟು 21. ಹೊಸ ತೋಟೆ 28 ಸೆಂಟಿಗೆ ಸಿಗುವುದಾದರೆ ಉಳಿದದ್ದು 7. ಪ್ರೆಸ್ಸು, ಅಚ್ಚು, ತಕ್ಕಡಿಗೆ 350 ಡಾಲರ್ ಹಾಕಿದವನಿಗೆ ಅಸಲು ಹುಟ್ಟಲು 5000 ತೋಟೆ ತುಂಬಬೇಕು. 9 ಮಿ.ಮೀ.ನಂಥ ಅಗ್ಗದ ತೋಟೆಯಲ್ಲಿ ಲಾಭ ಇಷ್ಟೇ; .44 ಮ್ಯಾಗ್ನಂನಂಥ ದುಬಾರಿಯಲ್ಲಿ ಬೇಗ ಗಿಟ್ಟುತ್ತದೆ. ಹಿತ್ತಾಳೆಯನ್ನೂ ದುಡ್ಡು ಕೊಟ್ಟು ತಂದರೆ ಲೆಕ್ಕ ಕೆಟ್ಟಿತು. ಕೂಲಿ ಇದರಲ್ಲಿ ಸೇರಿಲ್ಲ, ಅಮೆರಿಕದವರೂ ಅದನ್ನು ಸೇರಿಸುವುದು ಕಡಿಮೆ.

‘ಮರುಭರ್ತಿ’ ಬೇಡ, ಕಾಲೇಜಿನ ಸೀಟಿನ ಮಾತಾಗುತ್ತದೆ. ಕೋವಿಗೆ ಮತ್ತೆ ತೋಟೆ ಹಾಕುವುದೂ ಇಂಗ್ಲಿಷಿನಲ್ಲಿ ರೀಲೋಡ್. ನಾವು ಏನನ್ನು ತುಂಬುತ್ತೇವೆಂದು ಹೇಳಿದರೆ ಗೊಂದಲವಿಲ್ಲ: ‘ಕೋವಿ ತುಂಬುವುದು’, ‘ಖಾಲಿ ತೋಟೆ ತುಂಬುವುದು’. ಹಾರಿಸಿದ ಹಿತ್ತಾಳೆ ಹಿಗ್ಗಿರುತ್ತದೆ. ಅದನ್ನು ಅಚ್ಚಿಗೆ ಒತ್ತಿ ಅಳತೆಗೆ ತಂದು, ಹಳೆ ಕೇಪು ಕಳಚಿ ಹೊಸದು ಕೂರಿಸಿ, ಮದ್ದು ಸುರಿದು, ಗುಂಡು ಒತ್ತುವುದು. ತಳದಲ್ಲಿ ಒಂದೇ ತೂತಿರುವ ಬಾಕ್ಸರ್ ಮಾದರಿಯಾದರೆ ಆ ತೂತಿನಲ್ಲಿ ಸೂಜಿ ತೂರಿಸಿ ನೂಕಿದರೆ ಕೇಪು ಕಳಚುತ್ತದೆ. ಎರಡು ತೂತಿನ ಬರ್ಡಾನ್ ಮಾದರಿಯ ಖಾಲಿ ತೋಟೆಯನ್ನು ಮನೆಯಲ್ಲಿ ತುಂಬುವವರು ಎಸೆದುಬಿಡುವುದೇ ಹೆಚ್ಚು.

‘ಚಾರ್ಜ್’ಗೆ, ಅಂದರೆ ಒಂದು ತೋಟೆಗೆ ಸುರಿಯುವಷ್ಟು ಮದ್ದಿಗೆ, ‘ಈಡು’ ಹಾಕಿ, ಬ್ಯಾಟರಿಯ ಚಾರ್ಜ್ ನೆನಪಾಗದಿರಲಿ. ಅಪಾಯದ ಭಾಗದಲ್ಲಿ ಈ ಪದ ಚೆನ್ನಾಗಿ ಕೂರುತ್ತದೆ. ಪಿಸ್ತೂಲಿನ ಈಡು ಚಿಕ್ಕದು. ಎಷ್ಟೋ ತೋಟೆಗಳಲ್ಲಿ ಎರಡು ಈಡು ಬಿದ್ದರೂ ಉಕ್ಕಿ ಚೆಲ್ಲುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಹಾರಿಸಿದಾಗ ಕೋವಿ ಸಿಡಿದೀತು. ಈಡು ಬೀಳದೆ ಹೋದರೆ ಕೇಪಿನ ಒತ್ತಡಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು, ಮುಂದಿನದನ್ನು ಹಾರಿಸಿದರೆ ನಳಿಗೆ ಒಡೆದೀತು. ಗುಂಡು ಒತ್ತುವ ಮುಂಚೆ ಪ್ರತಿ ತೋಟೆಯೊಳಗೂ ಇಣುಕಿ ನೋಡಬೇಕೆಂಬ ಸಾಲನ್ನು ಅನುವಾದದಲ್ಲಿ ಬಿಡಬೇಡಿ.

ಮತ್ತೊಂದು ಮಾತು (ಮಂಜೇಶ್ವರದಿಂದ): ‘ತೋಟೆ’ ಅಂದರೆ ಮಲಯಾಳಂ ರೂಢಿಯಿರುವ ಕಿವಿಗೆ ‘ತೋಟ್ಟ’, ಹೊಳೆಯಲ್ಲಿ ಮೀನಿಗೆ ಸಿಡಿಸುವುದು. ಕಾರ್ಟ್ರಿಜ್ ಅವರಿಗೆ ‘ತಿರ’, ಅಲೆಗೂ ಅದೇ ಪದ. ಆದ್ದರಿಂದ ಮೊದಲ ಸಲ ‘ಕೋವಿಯ ತೋಟೆ’ ಎನ್ನಿ. ‘ಮದ್ದು’ ಅಷ್ಟು ಸಲೀಸಲ್ಲ: ಮಳೆಗಾಲದಲ್ಲಿ ಅಡಿಕೆಗೆ ಬಿಡುವುದು ಮದ್ದು, ಜ್ವರಕ್ಕೆ ಕುಡಿಯುವುದೂ ಮದ್ದು. ‘ಕೋವಿಮದ್ದು’ ಎಂದು ಕೂಡಿಸಿ ಬರೆದರೆ ಮುಗಿಯಿತು. ‘ಬೆಡಿಮದ್ದು’ ಬೇಡ, ಕುಂಬಳೆ ಜಾತ್ರೆಯ ಸಿಡಿಮದ್ದಿನ ಬೆಡಿ ನೆನಪಾಗುತ್ತದೆ. ಪಟಾಕಿಯ ಕಪ್ಪು ಮದ್ದು ಬೇರೆ, ಈ ತೋಟೆಗಳ ಹೊಗೆರಹಿತ ಮದ್ದು ಬೇರೆ, ಒಂದರ ಬದಲು ಇನ್ನೊಂದು ನಡೆಯದು. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಗೆ ಲೈಸೆನ್ಸ್ ಬೇಕು. ಅಡಿಟಿಪ್ಪಣಿಯಲ್ಲಿ ಅದನ್ನೂ ಹಾಕಿಬಿಡಿ.