ಗ್ರೂಪ್ ಓ ಪಾಸಿಟಿವ್, ಆದರೆ ಒಂದೂ ಓ ಬ್ಯಾಗ್ ಕ್ರಾಸ್‌ಮ್ಯಾಚ್ ಆಗ್ತಿಲ್ಲ

ಪ್ರಶ್ನೆ:
ಗ್ರೂಪ್ ನೋಡೋ ಸ್ಲೈಡಲ್ಲಿ ಆಂಟಿ-ಎ, ಆಂಟಿ-ಬಿ ಎರಡೂ ನೆಗೆಟಿವ್, ಆಂಟಿ-ಡಿ ಪಾಸಿಟಿವ್. ಕ್ರಾಸ್‌ಮ್ಯಾಚಿಗೆ (ರೋಗಿಯ ಸೀರಮ್, ದಾನಿಯ ಸೆಲ್ ಬೆರೆಸಿ ಹೊಂದುತ್ತಾ ಅಂತ ನೋಡೋದು) ನಾಲ್ಕು ಓ ಪಾಸಿಟಿವ್ ಬ್ಯಾಗ್ ಹಾಕಿದರೆ ನಾಲ್ಕೂ ಮೊದಲ ಸ್ಪಿನ್ನಲ್ಲೇ 4+, ಅಂದ್ರೆ ಸೆಲ್ ಗಟ್ಟಿಯಾಗಿ ಗಂಟು ಕಟ್ಟುತ್ತಿವೆ. ರೋಗಿಗೆ ಹಿಂದೆ ರಕ್ತ ಏರಿಸಿಲ್ಲ. ಇನ್ನಷ್ಟು ಓ ಬ್ಯಾಗ್ ಹಾಕಿ ನೋಡಬೇಕಾ?

ಉತ್ತರ 1:
ಬೇಡ, ಎಷ್ಟು ಹಾಕಿದರೂ ಇದೇ ಕಥೆ. ರಿವರ್ಸ್ ಗ್ರೂಪಿಂಗಲ್ಲಿ (ರೋಗಿಯ ಸೀರಮ್ಮನ್ನ ಗ್ರೂಪ್ ಗೊತ್ತಿರೋ ಸೆಲ್ ಜತೆ ನೋಡೋದು) ಓ ಸೆಲ್ ಟ್ಯೂಬ್ ಇಟ್ಟಿದ್ರಾ? ಎ, ಬಿ ಸೆಲ್ ಮಾತ್ರ ಇಟ್ಟರೆ ಬಾಂಬೆ ಗ್ರೂಪ್ (ಸೆಲ್ ಮೇಲೆ ಎಚ್ ಆಂಟಿಜನ್ ಇಲ್ಲದ ಅಪರೂಪದ ಗ್ರೂಪ್) ಥೇಟ್ ಓ ಥರವೇ ಕಾಣುತ್ತೆ. ಎರಡು ಹನಿ ಸೀರಮ್, ಒಂದು ಹನಿ 5% ಓ ಸೆಲ್ ಸಸ್ಪೆನ್ಷನ್. ಪಕ್ಕದಲ್ಲಿ ಆಟೋ ಕಂಟ್ರೋಲ್ (ರೋಗಿಯ ಸೀರಮ್, ರೋಗಿಯದೇ ಸೆಲ್). ಓ ಸೆಲ್ ಗಟ್ಟಿಯಾಗಿ ಹಿಡಿದು (ಗಂಟು ಕಟ್ಟಿ) ಆಟೋ ನೆಗೆಟಿವ್ ಬಂದರೆ ರೋಗಿಯ ಸೆಲ್‌ಗೆ ಆಂಟಿ-ಎಚ್ ಲೆಕ್ಟಿನ್ (ಎಚ್ ಇರೋ ಸೆಲ್ ಹಿಡಿಯೋ ಸಸ್ಯದ ಸಾರ) ಹಾಕಿ. ಮಾಮೂಲಿ ಓ ಸೆಲ್ ಹಿಡಿದು ರೋಗಿಯ ಸೆಲ್ ಹಿಡಿಯದಿದ್ದರೆ ಬಾಂಬೆ ಅಂತಲೇ ನಡೆಯಿರಿ. ಪ್ಯಾರಾ-ಬಾಂಬೆ (ಎಚ್ ಅಲ್ಪಸ್ವಲ್ಪ ಉಳಿದಿರೋ ಬಗೆ) ಹೌದೋ ಅಲ್ಲವೋ ಅನ್ನೋದನ್ನ ದೊಡ್ಡ ಲ್ಯಾಬ್ ನೋಡಲಿ. ಆಟೋ ಕೂಡ ಪಾಸಿಟಿವ್ ಆದರೆ ಕೋಲ್ಡ್ ಆಂಟಿಬಾಡಿ (ತಣ್ಣಗಿದ್ದಾಗ ಸೆಲ್ ಅಂಟಿಸೋದು) ಗುಮಾನಿ. ಸೆಲ್‌ಗಳನ್ನ 37 ಡಿಗ್ರಿ ಸಲೈನಲ್ಲಿ ತೊಳೆದು ಮತ್ತೆ ಮಾಡಿ.

ಉತ್ತರ 2:
ಎ, ಬಿ ಆಂಟಿಜನ್‌ಗಳಿಗೆ ಬುನಾದಿ ಎಚ್. ಓ ಸೆಲ್ ಮೇಲಂತೂ ಅದೇ ತುಂಬಿರುತ್ತೆ. ಬಾಂಬೆ ಗ್ರೂಪಿನವರಲ್ಲಿ ಎಚ್ ಇಲ್ಲ, ಬದಲಿಗೆ ಆಂಟಿ-ಎಚ್ ಇದೆ, ಅದೂ 37 ಡಿಗ್ರಿಯಲ್ಲಿ ಕಾಂಪ್ಲಿಮೆಂಟ್ (ಸೆಲ್ ಒಡೆಯೋ ರಕ್ತದ ಪ್ರೋಟೀನ್) ಕೆರಳಿಸೋ ಜಾತಿ. ಓ ರಕ್ತ ಕೊಟ್ಟರೆ ಆ ಸೆಲ್ ರಕ್ತನಾಳದಲ್ಲೇ ಒಡೆದು ಮೂತ್ರ ಕೆಂಪಾಗಿ, ಬಿಪಿ ಕುಸಿದು, ಕಿಡ್ನಿಗೆ ಹೊಡೆತ. “ಓ ನೆಗೆಟಿವ್ ಎಲ್ಲರಿಗೂ ಆಗುತ್ತಲ್ಲ, ಕಳಿಸಿ” ಅನ್ನೋ ಡ್ಯೂಟಿ ಡಾಕ್ಟರಿಗೆ ಈ ರೋಗಿಗೆ ಓ ಆಗಲ್ಲ ಅಂತ ಫೋನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ಬಾಂಬೆಯಲ್ಲಿ ಗುರುತಿಸಿದ್ದು ಇದನ್ನೇ.

ಪ್ರಶ್ನೆ ಕೇಳಿದವರು:
ಲೆಕ್ಟಿನ್ ನೆಗೆಟಿವ್, ಆಟೋ ನೆಗೆಟಿವ್. ಆಪರೇಷನ್ ಮುಂದಿನ ತಿಂಗಳು.

ಉತ್ತರ 3:
ಟೈಮ್ ಇದೆ. ಮೊದಲು ಒಡಹುಟ್ಟಿದವರನ್ನ ಟೆಸ್ಟ್ ಮಾಡಿಸಿ, ಪ್ರತಿಯೊಬ್ಬರೂ ಬಾಂಬೆ ಆಗಿರೋಕೆ ನಾಲ್ಕರಲ್ಲಿ ಒಂದು ಅವಕಾಶ. ಅಪ್ಪ-ಅಮ್ಮನಲ್ಲಿ ಸಿಗೋದು ಕಡಿಮೆ. ಹಿಮೋಗ್ಲೋಬಿನ್ 11 ದಾಟಿದ್ದರೆ ರೋಗಿಯದೇ ರಕ್ತ ತೆಗೆದಿಡಬಹುದು: ಸಿಪಿಡಿಎ-1 (ರಕ್ತ ಕೆಡದಂತೆ ಇಡೋ ದ್ರಾವಣ) ಬ್ಯಾಗ್ 35 ದಿನ ಬಾಳುತ್ತೆ, ಕೊನೇ ಬ್ಯಾಗ್ ಆಪರೇಷನ್‌ಗೆ 72 ಗಂಟೆ ಮೊದಲೇ ಮುಗಿಯಬೇಕು. ಐರನ್ ಇವತ್ತೇ ಶುರುವಾಗಲಿ. ಆರ್‌ಎಚ್ ನೋಡಲೇಬೇಕು, ಬಾಂಬೆ ಸಿಕ್ಕಿತು ಅಂತ ಮರೆಯೋದು ಬೇಡ. ಪ್ಲಾಸ್ಮಾ ಬೇಕಾದರೆ ತಲೆಬಿಸಿ ಇಲ್ಲ, ಯಾವ ಎಬಿಓ ಗ್ರೂಪಿನದಾದರೂ ನಡೆಯುತ್ತೆ. ಉಲ್ಟಾ ಮಾತ್ರ ಆಗಲ್ಲ: ಬಾಂಬೆ ದಾನಿಯ ಪ್ಲಾಸ್ಮಾ ಬೇರೆಯವರಿಗೆ ಹೋಗಬಾರದು.